ಹೊಸ ಚಿಪ್, ಹಳೆಯ ಹೊರೆ

ಕಂಪ್ಯೂಟರ್ ತಯಾರಕರು ಪ್ರೊಸೆಸರ್ ಬದಲಿಸಬೇಕೇ ಎಂಬ ಚರ್ಚೆ ಯಾವಾಗಲೂ ವೇಗದ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರುಗಳ ಚರಿತ್ರೆ ನೋಡಿದರೆ ವೇಗ ಎರಡನೆಯ ಮಾತು. ಹಳೆಯ ಪ್ರೋಗ್ರಾಂಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ಹೊಣೆ ಯಾರದು ಎಂಬುದೇ ಮೊದಲನೆಯದು. ಒಂದು ಬಗೆಯ ಪ್ರೊಸೆಸರಿಗೆಂದು ಸಿದ್ಧಪಡಿಸಿದ ಪ್ರೋಗ್ರಾಂ ಇನ್ನೊಂದರಲ್ಲಿ ನೇರವಾಗಿ ಓಡುವುದಿಲ್ಲ. ಹಾಗಾಗಿ ಚಿಪ್ ಬದಲಾದರೆ ಬಳಕೆದಾರರು ದುಡ್ಡು ಕೊಟ್ಟು ಕೊಂಡ ತಂತ್ರಾಂಶವೆಲ್ಲ ಮೂಲೆ ಸೇರಬಹುದು. 1984ರಲ್ಲಿ ಮೊಟೊರೋಲಾ 68000 ಚಿಪ್ ಹೊತ್ತು ಬಂದ ಮ್ಯಾಕ್ 1994ರಲ್ಲಿ ಪವರ್‌ಪಿಸಿಗೆ ಹೊರಳಿದಾಗ, ಹಳೆಯ ಚಿಪ್ಪಿನ ಕೆಲಸವನ್ನು ಅನುಕರಿಸುವ ಎಮ್ಯುಲೇಟರನ್ನು ಆ್ಯಪಲ್ ಯಂತ್ರದೊಳಗೇ ಇಟ್ಟು ಆ ಹೊಣೆಯನ್ನು ತಾನೇ ಹೊತ್ತಿತು.

ಐಬಿಎಂ, ಮೊಟೊರೋಲಾ ಜೊತೆ ಕೂಡಿ ಆ್ಯಪಲ್ ಕಟ್ಟಿದ ಪವರ್‌ಪಿಸಿಯೂ ಹತ್ತು ವರ್ಷಗಳಲ್ಲಿ ಏದುಸಿರು ಬಿಡತೊಡಗಿತು. ವರ್ಷದೊಳಗೆ ಜಿ5 ಎಂಬ ಪವರ್‌ಪಿಸಿ ಚಿಪ್ಪನ್ನು 3 ಗಿಗಾಹರ್ಟ್ಸ್ ವೇಗದಲ್ಲಿ ಕೊಡುವುದಾಗಿ ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ 2003ರಲ್ಲಿ ಹೇಳಿದ್ದರು; ಅದು ಬರಲೇ ಇಲ್ಲ. 2.5 ಗಿಗಾಹರ್ಟ್ಸ್ ಮಾದರಿಯನ್ನು ತಣ್ಣಗಿಡಲು ಒಳಗೆ ದ್ರವ ಹರಿಸಬೇಕಾಯಿತು; ಲ್ಯಾಪ್‌ಟಾಪಿನಲ್ಲಿ ಜಿ5ಗೆ ಜಾಗ ಸಿಗಲೇ ಇಲ್ಲ. 2005ರ ಜೂನ್ 6ರಂದು ಜಾಬ್ಸ್ ಮ್ಯಾಕ್ ಇಂಟೆಲ್ ಚಿಪ್‌ನತ್ತ ಹೊರಟ ಸುದ್ದಿ ಹೇಳಿದರು. ವೇದಿಕೆಯ ಮೇಲೆ ಅದುವರೆಗೆ ಬಳಸಿದ ಮ್ಯಾಕ್‌ನ ವಿವರಗಳನ್ನು ತೆರೆದು ತೋರಿಸಿದರೆ, ಒಳಗಿದ್ದದ್ದು ಇಂಟೆಲ್‌ನ 3.6 ಗಿಗಾಹರ್ಟ್ಸ್ ಪೆಂಟಿಯಂ 4! ಐದು ವರ್ಷಗಳಿಂದ ಮ್ಯಾಕ್‌ನ ಕಾರ್ಯವ್ಯವಸ್ಥೆಯಾದ ಓಎಸ್ ಎಕ್ಸ್‌ನ ಪ್ರತಿ ಆವೃತ್ತಿಯನ್ನೂ ಗುಟ್ಟಾಗಿ ಇಂಟೆಲ್‌ಗೂ ಸಿದ್ಧಪಡಿಸಿಟ್ಟಿದ್ದರು. ಹಳೆಯ ಪ್ರೋಗ್ರಾಂಗಳಿಗೆ ರೊಸೆಟಾ ಎಂಬ ಅನುವಾದಕವಿತ್ತು. 2020ರಲ್ಲಿ ತನ್ನದೇ ಎಂ1 ಚಿಪ್ ತಂದಾಗಲೂ ಆ್ಯಪಲ್ ರೊಸೆಟಾ 2 ಜೊತೆಗೇ ಬಂದಿತು.

ಈ ಹೊಣೆಯನ್ನು ಹಗುರವಾಗಿ ಕಂಡವರ ಪಾಡೇನಾಯಿತು? ಇಂಟೆಲ್ ಮತ್ತು ಎಚ್‌ಪಿ ಕೂಡಿ ರೂಪಿಸಿದ ಇಟಾನಿಯಂ ಚಿಪ್ 2001ರಲ್ಲಿ ಬಂದಾಗ ಹಳೆಯ ಪ್ರೋಗ್ರಾಂಗಳು ಅದರಲ್ಲಿ ತೆವಳಿದವು. 2003ರಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಹಳೆಯದನ್ನು ಪೂರ್ಣ ವೇಗದಲ್ಲಿ ಓಡಿಸುವ 64 ಬಿಟ್ ಚಿಪ್ ತಂದು ಗೆದ್ದಿತು. ಕೊನೆಗೆ ಇಂಟೆಲ್ಲೂ ಅದೇ ದಾರಿ ಹಿಡಿಯಿತು. ಬೇರೆ ಬಗೆಯ ಚಿಪ್ ಹೊತ್ತ ಮೈಕ್ರೋಸಾಫ್ಟ್‌ನ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ನಲ್ಲಿ ವಿಂಡೋಸ್‌ನ ಹಳೆಯ ಪ್ರೋಗ್ರಾಂಗಳು ಓಡಲೇ ಇಲ್ಲ. 2013ರಲ್ಲಿ ಕಂಪನಿ ಅದರಿಂದ 90 ಕೋಟಿ ಡಾಲರ್ ನಷ್ಟವೆಂದು ಬರೆದುಕೊಂಡಿತು.

ಯಂತ್ರವೂ ಕಾರ್ಯವ್ಯವಸ್ಥೆಯೂ ಒಂದೇ ಕೈಯಲ್ಲಿರುವ ಆ್ಯಪಲ್‌ನ ಮಾತು ಎಲ್ಲರಿಗೂ ಹೊಂದದು ಎನ್ನಬಹುದು. ನಿಜ, ಆದರೆ ಅದು ನನ್ನ ವಾದವನ್ನು ಗಟ್ಟಿ ಮಾಡುತ್ತದೆಯೇ ಹೊರತು ಮುರಿಯುವುದಿಲ್ಲ. ಆ ಹಿಡಿತ ಇಲ್ಲದವರು ಕಾರ್ಯವ್ಯವಸ್ಥೆ ರೂಪಿಸುವವರನ್ನು ಮೊದಲು ಒಪ್ಪಿಸಬೇಕು. 2011ರಲ್ಲಿ ಆ್ಯಪಲ್ ಮೊದಲ ರೊಸೆಟಾವನ್ನು ಕೈಬಿಟ್ಟು ಹಳೆಯ ಗ್ರಾಹಕರನ್ನು ನಡುನೀರಲ್ಲಿ ಬಿಟ್ಟಿತೆಂಬ ಆಕ್ಷೇಪವೂ ಇದೆ. ನಷ್ಟವಾದದ್ದು ಹೌದು, ಆದರೆ ಸಾವರಿಸಿಕೊಳ್ಳಲು ಐದು ವರ್ಷ ಸಿಕ್ಕಿತ್ತು. ಹಳೆಯ ಚಿಪ್‌ಗೆ ಮುಂದೆ ದಾರಿಯಿಲ್ಲ ಎಂಬುದು ಖಚಿತವಾಗಿ, ಹಳೆಯ ಪ್ರೋಗ್ರಾಂಗಳನ್ನು ದಾಟಿಸುವ ಸಿದ್ಧತೆ ಮುಗಿದಿದ್ದರೆ ತಯಾರಕರು ಧೈರ್ಯವಾಗಿ ಬದಲಿಸಬಹುದು. ಎರಡರಲ್ಲಿ ಒಂದು ಇಲ್ಲದಿದ್ದರೂ ಬದಲಿಸದಿರುವುದೇ ಲೇಸು.