ರಾಧಾಬಾಯಿ ಸುಬ್ಬರಾಯನ್ ಮತ್ತು ಸ್ತ್ರೀಯರ ಮೀಸಲು ಸ್ಥಾನ

ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಿ ಬಂಟರು, ಬಿಲ್ಲವರು, ಜೈನರು ಮುಂತಾದವರು ಅಳಿಯಸಂತಾನದ ಕಟ್ಟನ್ನು ಅನುಸರಿಸಿ ಬಂದವರೆಂಬುದನ್ನು ನಾವೆಲ್ಲರೂ ಬಲ್ಲೆವು. ಅಲ್ಲಿ ಕುಟುಂಬದ ಆಸ್ತಿಯು ಹೆಣ್ಣಿನ ಸಂತತಿಗೆ ಸಲ್ಲುತ್ತಿತ್ತು. ಆದರೂ ಯಜಮಾನಿಕೆಯು ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿಯೇ ಇರುತ್ತಿತ್ತು. ಹಕ್ಕಿದ್ದ ಮಾತ್ರಕ್ಕೆ ಸ್ಥಾನವು ತಾನಾಗಿ ದೊರೆಯುವುದಿಲ್ಲವೆಂಬ ಈ ಸತ್ಯವನ್ನು ರಾಜಕೀಯದಲ್ಲಿ ಎತ್ತಿ ಹೇಳಿದ ಮಹಿಳೆಯೊಬ್ಬರು ಇದೇ ನೆಲದಿಂದ ಬಂದರು. ಆಗ ಈ ಊರುಗಳೆಲ್ಲವೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರು ಅದರ ಮುಖ್ಯ ಪಟ್ಟಣ. ಆ ಪಟ್ಟಣದಲ್ಲಿ ೧೮೯೧ರಲ್ಲಿ ಹುಟ್ಟಿದ ರಾಧಾಬಾಯಿಯವರ ಚರಿತ್ರೆಯನ್ನು ಇಂದು ಸಂಕ್ಷೇಪವಾಗಿ ಅರಿಕೆಮಾಡುತ್ತೇವೆ.

ಇವರ ತಂದೆ ಕುದ್ಮುಲ್ ರಂಗರಾಯರು ವಕೀಲರು, ಸಾರಸ್ವತ ಬ್ರಾಹ್ಮಣರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಊರಿನ ಶಾಲೆಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿಯೇ ಶಾಲೆಗಳನ್ನು ತೆರೆದು, ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು. ಬೇರೆ ಶಾಲೆಯಿಂದ ಭೇದವು ಉಳಿಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಯಾವ ಶಾಲೆಯಲ್ಲಿಯೂ ಕುಳಿತರಿಯದ ಮಗುವಿಗೆ ಮೊದಲು ಬೇಕಾದುದು ಕುಳ್ಳಿರಲು ಒಂದು ಸ್ಥಳ.

ರಾಧಾಬಾಯಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿಯೂ ಓದಿದರು. ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ನರನ್ನು ಜಾತಿಯ ಎಲ್ಲೆಯನ್ನು ದಾಟಿ ವಿವಾಹವಾದರು. ಸುಬ್ಬರಾಯನ್ನರು ೧೯೨೬ರಿಂದ ೧೯೩೦ರವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು.

ಮದರಾಸಿನಲ್ಲಿ ಸ್ತ್ರೀಯರಿಗೆ ೧೯೨೧ರಲ್ಲಿಯೇ ಮತಾಧಿಕಾರವು ದೊರೆತಿದ್ದಿತು. ಆದರೆ ಅದು ಆಸ್ತಿ ಮತ್ತು ತೆರಿಗೆಗಳಿಗೆ ಕಟ್ಟುಬಿದ್ದುದರಿಂದ ಅದನ್ನು ಪಡೆದವರು ಕೆಲವರು ಮಾತ್ರ. ೧೯೨೬ರಲ್ಲಿ ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿ ಅಲ್ಪಮತಗಳಿಂದ ಸೋತರು. ಮುತ್ತುಲಕ್ಷ್ಮಿ ರೆಡ್ಡಿಯವರು ಆ ಸಭೆಯನ್ನು ಪ್ರವೇಶಿಸಿದುದು ಸರ್ಕಾರದ ನೇಮಕದಿಂದ.

೧೯೩೦ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲನೆಯ ದುಂಡುಮೇಜಿನ ಪರಿಷತ್ತು ಸೇರಿದಾಗ ಭಾರತದ ಪ್ರತಿನಿಧಿಗಳಲ್ಲಿ ಇಬ್ಬರು ಸ್ತ್ರೀಯರಿದ್ದರು: ಬೇಗಂ ಜಹಾನಾರಾ ಶಾ ನವಾಜ್ ಮತ್ತು ರಾಧಾಬಾಯಿ. ಶಾಸನಸಭೆಗಳಲ್ಲಿ ಸ್ವಲ್ಪ ಕಾಲದವರೆಗಾದರೂ ಸ್ತ್ರೀಯರಿಗೆ ಸ್ಥಾನಗಳನ್ನು ಮೀಸಲಿಡಬೇಕೆಂದು ಅವರು ಕೇಳಿದರು.

ವಿರೋಧವು ಬಂದುದು ಸ್ತ್ರೀಯರಿಂದಲೇ. ಸರ್ವರಿಗೂ ಸಮಾನ ಮತಾಧಿಕಾರ ಬೇಕು, ವಿಶೇಷ ರಿಯಾಯಿತಿ ಬೇಡ ಎಂದು ದೊಡ್ಡ ಮಹಿಳಾ ಸಂಸ್ಥೆಗಳು ೧೯೩೧ರಲ್ಲಿ ಒಕ್ಕೊರಲಿನಿಂದ ಸಾರಿದವು. ಎರಡನೆಯ ಪರಿಷತ್ತಿನಲ್ಲಿ ಸರೋಜಿನಿ ನಾಯಿಡು ಅವರೂ ಇದನ್ನೇ ನುಡಿದರು; ಬೇಗಂ ಅವರೂ ಆ ಪಕ್ಷವನ್ನು ಸೇರಿದರು. ರಾಧಾಬಾಯಿಯವರು ಮಾತ್ರ ತಮ್ಮ ಮಾತನ್ನು ಬಿಡಲಿಲ್ಲ. ೧೯೩೨ರಲ್ಲಿ ಲೋಥಿಯನ್ ಪ್ರಭುವಿನ ಮತಾಧಿಕಾರ ಸಮಿತಿಯ ಸದಸ್ಯೆಯಾಗಿಯೂ ಅದಕ್ಕೆ ಅಂಟಿಕೊಂಡರು.

ವಿರೋಧಿಗಳ ಭಯವು ನಿರಾಧಾರವಾಗಿರಲಿಲ್ಲವೆಂಬುದನ್ನು ನಾವು ಒಪ್ಪಬೇಕು. ೧೯೩೫ರ ಕಾಯಿದೆಯಿಂದ ಸುಮಾರು ೬೦ ಲಕ್ಷ ಸ್ತ್ರೀಯರಿಗೆ ಮತಾಧಿಕಾರವೂ, ಅದರೊಡನೆ ಮೀಸಲು ಸ್ಥಾನಗಳೂ ಬಂದವು. ಆದರೆ ಆ ಸ್ಥಾನಗಳನ್ನು ಮತಧರ್ಮಗಳ ಪ್ರಕಾರ ಹಂಚಲಾಯಿತು. ಸ್ತ್ರೀಯರನ್ನು ಒಡೆಯುವ ಈ ಹಂಚಿಕೆಯನ್ನೇ ಸಂಸ್ಥೆಗಳು ಅಂಜಿದ್ದವು. ಆದರೂ ೧೯೩೭ರ ಚುನಾವಣೆಯಲ್ಲಿ ಆ ಬಾಗಿಲಿನಿಂದಲೇ ಅನೇಕ ಸ್ತ್ರೀಯರು ಶಾಸನಸಭೆಗಳನ್ನು ಹೊಕ್ಕರು. ೧೯೩೮ರಲ್ಲಿ ರಾಧಾಬಾಯಿಯವರು ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟಿಗೆ ಚುನಾಯಿತರಾದ ಪ್ರಥಮ ಮಹಿಳೆಯೆನಿಸಿದರು. ಅವರು ತೀರಿಕೊಂಡುದು ೧೯೬೦ರಲ್ಲಿ.

೧೯೫೦ರ ಸಂವಿಧಾನವು ವಯಸ್ಕರೆಲ್ಲರಿಗೂ ಮತವನ್ನು ಕೊಟ್ಟಿತು. ಸ್ತ್ರೀಯರಿಗೆ ಮೀಸಲು ಸ್ಥಾನಗಳನ್ನು ಇಡಲಿಲ್ಲ. ಸಮಾನತೆಯ ಪಕ್ಷವು ಗೆದ್ದಂತೆ ತೋರಿತು. ಮುಂದೆ ನಾಲ್ಕು ದಶಕಗಳ ಅನುಭವದ ಮೇಲೆ, ೧೯೯೩ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಂತೆ ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿತು. ೨೦೨೩ರ ತಿದ್ದುಪಡಿಯು ಲೋಕಸಭೆಗೂ ರಾಜ್ಯಗಳ ವಿಧಾನಸಭೆಗಳಿಗೂ ಅದೇ ನ್ಯಾಯವನ್ನು ವಿಧಿಸಿತು.

ತಂದೆಯು ಶಾಲೆಯ ವಿಷಯದಲ್ಲಿ ಕಂಡುದನ್ನೇ ಮಗಳು ಶಾಸನಸಭೆಯ ವಿಷಯದಲ್ಲಿ ಕಂಡರು. ಒಳಗೆ ಕುಳಿತವರಿಗೆ ಬೇರೆ ಆಸನವು ರಿಯಾಯಿತಿಯಾಗಿ ತೋರಬಹುದು. ಹೊರಗೆ ನಿಂತವರಿಗೆ ಅದು ಪ್ರವೇಶ. ಕಾಪು, ಕಾರ್ಕಳಗಳ ಗ್ರಾಮ ಪಂಚಾಯಿತಿಯಲ್ಲಿ ಹೆಣ್ಣುಮಗಳೊಬ್ಬಳು ಅಧ್ಯಕ್ಷಪೀಠವನ್ನೇರುವಾಗ, ಸ್ತ್ರೀಯರ ನಡುವೆಯೇ ಒಂಟಿಯಾಗಿ ನಿಂತು ಆ ಸ್ಥಾನವನ್ನು ಕೇಳಿದ ಮಂಗಳೂರಿನ ಈ ಮಹಿಳೆಯನ್ನು ನಾವು ನೆನೆಯುವುದು ಉಚಿತವಾಗಿದೆ.