ಪದ ಪರಿಚಯ: ಶೆಲ್
ಇಂಗ್ಲಿಷಿನ ‘ಶೆಲ್’ ಎಂದರೆ ಚಿಪ್ಪು. ಅಂಕೋಲೆ ಕಡೆಯವರಿಗೆ ಚಿಪ್ಪು ಎಂದರೆ ಮೊದಲು ನೆನಪಾಗುವುದು ಕಡಲದಂಡೆ. ಆದರೆ ಕಂಪ್ಯೂಟರಿನ ‘ಶೆಲ್’ಗೆ ತೆಂಗಿನ ಕರಟವೇ ಹೆಚ್ಚು ಹತ್ತಿರ. ಒಳಗಿನ ತಿರುಳು, ಯಂತ್ರವನ್ನು ನಡೆಸುವ ಕರ್ನೆಲ್. ಹೊರಗಿನದು, ನಾವು ಟೈಪಿಸಿದ ಆಜ್ಞೆಯನ್ನು ಒಳಕ್ಕೆ ದಾಟಿಸುವ ಶೆಲ್.

ಹೆಸರಿಟ್ಟವರು ಫ್ರಾನ್ಸಿನ ಲೂಯಿ ಪೂಜಾನ್. 1963ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಅವರು ಬರೆದ ‘ರನ್‌ಕಾಮ್’, ಕಡತದಲ್ಲಿ ಬರೆದಿಟ್ಟ ಆಜ್ಞೆಗಳನ್ನು ಒಂದರ ಹಿಂದೊಂದು ನಡೆಸುತ್ತಿತ್ತು. 1965ರಲ್ಲಿ ಮಲ್ಟಿಕ್ಸ್ ವ್ಯವಸ್ಥೆಗಾಗಿ ಬರೆದ ಟಿಪ್ಪಣಿಯಲ್ಲಿ ಇದರ ಮುಂದಿನ ರೂಪವನ್ನು ‘ಶೆಲ್’ ಎಂದರು. ಇಂದಿನ ‘ಬ್ಯಾಶ್’ ಎಂಬ ಶೆಲ್ಲಿನ ‘ಬ್ಯಾಶ್‌ಆರ್‌ಸಿ’ ಕಡತದ ಕೊನೆಯ ‘ಆರ್‌ಸಿ’ ಆ ರನ್‌ಕಾಮ್‌ನ ಉಳಿಕೆ. ಬ್ಯಾಶ್ 1989ರದು, 1979ರ ಯುನಿಕ್ಸ್‌ನಲ್ಲಿ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್ಲಿಗೆ ಇದು ಮರುಹುಟ್ಟು ಎಂಬ ಶ್ಲೇಷೆ ‘ಬೋರ್ನ್-ಅಗೇನ್ ಶೆಲ್’ ಎಂಬ ಅದರ ಪೂರ್ಣ ಹೆಸರಿನಲ್ಲೇ ಇದೆ.

ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಶೆಲ್ ಸ್ಕ್ರಿಪ್ಟ್. ಅಗಸೂರಿನಂಥ ಊರಿನ ಶಾಲೆಯೊಂದು ಹಳೆಯ ದಾಖಲಾತಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು ಎನ್ನಿ. ನೂರಾರು ಚಿತ್ರಗಳಿಗೆ ಕ್ರಮಸಂಖ್ಯೆಯ ಹೆಸರಿಟ್ಟು, ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಲು ಐದಾರು ಸಾಲು ಸಾಕು. ಮರುವರ್ಷವೂ ಅವೇ ಸಾಲುಗಳು ನಡೆಯುತ್ತವೆ.

ಈ ಪದವನ್ನು ‘ಚಿಪ್ಪು’ ಎಂದು ಅನುವಾದಿಸಬೇಕಿಲ್ಲ. ಶೆಲ್ಲು, ಶೆಲ್ಲಿಗೆ, ಶೆಲ್ಲಿನಲ್ಲಿ ಎಂದು ಅದು ಕನ್ನಡದ ವಿಭಕ್ತಿಗೆ ಸಲೀಸಾಗಿ ಒಗ್ಗಿದೆ. ಶಾಲೆಯಲ್ಲಿ ಲಿನಕ್ಸ್ ಯಂತ್ರವಿದ್ದರೆ ಟರ್ಮಿನಲ್ ತೆರೆದು ಮಕ್ಕಳಿಗೆ ತೋರಿಸಿ. ಕಡತಗಳ ಹೆಸರು ಕನ್ನಡದಲ್ಲೇ ಇರಲಿ.