ಉಚಿತ ಕಿರು ಪಠ್ಯಕ್ರಮಗಳ ಚರಿತ್ರೆ ಮತ್ತು ಒಡ್ಡನ್‌ಛತ್ರಂ ಸೀಮೆಯ ಕನ್ನಡ

ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ ತಮಿಳುನಾಡಿನ ದೊಡ್ಡ ತರಕಾರಿ ಮಾರುಕಟ್ಟೆಗಳಲ್ಲೊಂದು. ಈ ಸೀಮೆಯಿಂದ ತೇನಿ ಜಿಲ್ಲೆಯ ಕಂಬಂ ಕಣಿವೆಯವರೆಗೆ ಚದುರಿರುವ ಕಪ್ಪಿಲಿಯರ್, ಅನುಪ್ಪರ್ ಮೊದಲಾದ ಬೇಸಾಯಗಾರ ಸಮುದಾಯಗಳ ಮನೆಮಾತು ಕನ್ನಡ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಇವರನ್ನು ಕನ್ನಡ ಮಾತಿನ ಒಕ್ಕಲು ಜನರೆಂದೇ ಗುರುತಿಸಿದ್ದಾನೆ. ಶಾಲೆಯ ಭಾಷೆ ಮಾತ್ರ ತಮಿಳು. ತಲೆಮಾರುಗಳಿಂದ ಇಲ್ಲಿನ ಕನ್ನಡ ಕಿವಿ ಮತ್ತು ನಾಲಗೆಗಳಲ್ಲಿ ಉಳಿದುಬಂದಿದೆಯೇ ಹೊರತು ಕೈಬರಹಕ್ಕೆ ಇಳಿದಿಲ್ಲ. ಅಂತರ್ಜಾಲದ ಉಚಿತ ಕಿರು ಪಠ್ಯಕ್ರಮಗಳು ತಮ್ಮ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಸಾರುತ್ತಿರುವ ಈ ಕಾಲದಲ್ಲಿ, ಆ ‘ಎಲ್ಲರೂ’ ಯಾರು ಎಂಬುದನ್ನು ಇಂಥ ಭಾಷಿಕರ ನೆಲೆಯಿಂದ ಕೇಳಿಕೊಳ್ಳಬೇಕಾಗಿದೆ.

ಈ ಬಗೆಯ ಬೋಧನೆಯ ಬೇರು ಅಂತರ್ಜಾಲಕ್ಕಿಂತ ಬಹಳ ಹಿಂದಿನದು. 1867ರಲ್ಲಿ ಕೇಂಬ್ರಿಜ್‌ನ ಯುವ ವಿದ್ವಾಂಸ ಜೇಮ್ಸ್ ಸ್ಟುವರ್ಟ್ ಉತ್ತರ ಇಂಗ್ಲೆಂಡಿನ ಲೀಡ್ಸ್, ಲಿವರ್‌ಪೂಲ್ ಮುಂತಾದ ನಗರಗಳಲ್ಲಿ, ವಿಶ್ವವಿದ್ಯಾನಿಲಯದ ಪ್ರವೇಶವೇ ಇಲ್ಲದಿದ್ದ ಮಹಿಳೆಯರಿಗೆ ಉಪನ್ಯಾಸ ನೀಡಿದ. ಪರಪುರುಷನೊಬ್ಬ ಮಹಿಳೆಯರನ್ನು ಎದುರಿಗೇ ಪ್ರಶ್ನಿಸುವುದು ಅಂದಿನ ಮರ್ಯಾದೆಗೆ ಒಪ್ಪುತ್ತಿರಲಿಲ್ಲ. ಹಾಗಾಗಿ ಆತ ಪ್ರಶ್ನೆಗಳನ್ನು ಅಚ್ಚುಹಾಕಿಸಿ ಹಂಚಿದ. ಉತ್ತರಗಳು ಬರಹದಲ್ಲಿ ಬಂದವು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಈ ಪದ್ಧತಿಯನ್ನು ತನ್ನದಾಗಿಸಿಕೊಂಡಿತು. ಪಾಠ ಬಾಯಿಮಾತಿನದು, ಪರೀಕ್ಷೆ ಬರಹದ್ದು ಎಂಬ ಏರ್ಪಾಡು ಹೀಗೆ ಒಂದು ಸಾಮಾಜಿಕ ಸಂಕೋಚದಿಂದ ಬಲಗೊಂಡು, ಆ ಸಂಕೋಚ ಅಳಿದ ಮೇಲೂ ನಿಯಮವಾಗಿ ನಿಂತಿತು.

ಕನ್ನಡದಲ್ಲಿ ಇದರ ಸಮೀಪದ ಬಂಧುವೆಂದರೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ. 1930ರ ದಶಕದಲ್ಲಿ ಆರಂಭವಾದ ಈ ಯೋಜನೆಯಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಸಾಹಿತ್ಯಗಳನ್ನು ಕನ್ನಡದಲ್ಲಿ ತಿಳಿಸಿದರು. ಆ ಉಪನ್ಯಾಸಗಳು ಅಗ್ಗದ ಬೆಲೆಯ ಪುಟ್ಟ ಪುಸ್ತಕಗಳಾಗಿಯೂ ಬಂದವು. ಇಲ್ಲಿ ಪರೀಕ್ಷೆಯಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಓದುಬರಹ ಬಾರದವನೂ ಕುಳಿತು ಕೇಳಬಹುದಾಗಿತ್ತು. ಇದರ ಮಹತ್ವವನ್ನು ನಮ್ಮ ಶಿಕ್ಷಣ ಚರಿತ್ರೆಗಳು ಸಾಕಷ್ಟು ಗುರುತಿಸಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗವೂ ಕಿವಿಗಣ್ಣಿನ ಪಾಠವೇ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿದ ಆ ಪ್ರಸಾರದ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಆದರೆ ಯೋಜನೆ ರಾಜ್ಯವಾರು ರೂಪುಗೊಂಡಿತ್ತು. ಕರ್ನಾಟಕದ ಹಳ್ಳಿಗಳು ಅದರಲ್ಲಿದ್ದವು. ತಮಿಳುನಾಡೇ ಇರಲಿಲ್ಲವಾದ್ದರಿಂದ ಅಲ್ಲಿನ ಕನ್ನಡಿಗರ ಮಾತೇ ಏಳಲಿಲ್ಲ.

ಅಂಚೆ ಶಿಕ್ಷಣದ ಕಾಲ ಮತ್ತೆ ಪೂರ್ತಿ ಕಾಗದದ ಕಾಲವಾಯಿತು.

2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಪಠ್ಯಕ್ರಮಕ್ಕೆ ಶುಲ್ಕ ತೆತ್ತವರು 25 ಮಂದಿ, ಉಚಿತವಾಗಿ ಸೇರಿದವರು ಎರಡು ಸಾವಿರಕ್ಕೂ ಹೆಚ್ಚು. ‘ಮೂಕ್’ ಎಂಬ ಹೆಸರು ಹುಟ್ಟಿದ್ದು ಆಗಲೇ. ಕನ್ನಡದ ಕಿವಿಗೆ ಆ ಹೆಸರು ವಿಚಿತ್ರವಾಗಿಯೇ ಕೇಳಿಸುತ್ತದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಸುಮಾರು 1,60,000 ಜನ ಹೆಸರು ನೋಂದಾಯಿಸಿದರು. ಭಾರತದಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್‌ಪಿಟೆಲ್ ಆರಂಭಿಸಿದ್ದವು; 2017ರ ಜುಲೈ 9ರಂದು ‘ಸ್ವಯಂ’ ವೇದಿಕೆ ಲೋಕಾರ್ಪಣೆಯಾಯಿತು. ‘ಸ್ವಯಂ’ನ ಪಾಠವೊಂದಕ್ಕೆ ನಾಲ್ಕು ಅಂಗ: ದೃಶ್ಯ ಉಪನ್ಯಾಸ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ. ಇವುಗಳಲ್ಲಿ ಕೇಳಿ ತಿಳಿಯುವಂಥದ್ದು ಮೊದಲನೆಯದೊಂದೇ. ಪಾಠ ಉಚಿತ, ಪ್ರಮಾಣಪತ್ರ ಬೇಕಾದವರು ಶುಲ್ಕ ತೆತ್ತು ಪರೀಕ್ಷೆಗೆ ಕೂರಬೇಕು. ಸ್ಟುವರ್ಟ್‌ನ ಅಚ್ಚಿನ ಪ್ರಶ್ನೆಗಳು ಪರದೆಯ ಮೇಲೆ ಬಂದಿವೆ, ಅಷ್ಟೆ.

ಒಡ್ಡನ್‌ಛತ್ರಂನ ಕನ್ನಡ ಮನೆಯ ವಿದ್ಯಾರ್ಥಿಯೊಬ್ಬಳು ಈ ವೇದಿಕೆಗೆ ಬಂದರೆ ಏನಾಗುತ್ತದೆ? ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಎನ್‌ಪಿಟೆಲ್ ತನ್ನ ಹಲವು ಪಾಠಗಳ ಲಿಖಿತ ರೂಪವನ್ನು ಕನ್ನಡ, ತಮಿಳು ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಿಸಿದೆ. ಆಕೆ ತಮಿಳು ಪಠ್ಯವನ್ನು ಸರಾಗವಾಗಿ ಓದಬಲ್ಲಳು. ಕನ್ನಡ ಪಠ್ಯವನ್ನು ಯಾರಾದರೂ ಓದಿ ಹೇಳಿದರೆ ಅದರ ಶಿಷ್ಟ ರೂಪಗಳಿಗೆ ಒಗ್ಗಿಕೊಳ್ಳುತ್ತ ಮನೆಮಾತಿನ ಬಲದಿಂದ ಹಿಂಬಾಲಿಸಬಲ್ಲಳು. ಪರದೆಯ ಮೇಲಿನ ಅಕ್ಷರವಾಗಿ ಅದು ಆಕೆಗೆ ಬರಿಯ ಗೆರೆ. ವೇದಿಕೆಯ ಪಟ್ಟಿಯಲ್ಲಿ ಭಾಷೆಯೆಂದರೆ ಲಿಪಿಯೇ. ಕನ್ನಡ ಬಲ್ಲವಳೆಂದು ಗುರುತು ಹಾಕಿದರೆ ಕನ್ನಡ ಓದಬಲ್ಲವಳೆಂದೇ ಅರ್ಥ. ಶುಲ್ಕವನ್ನು ಕಳೆದ ಮಾತ್ರಕ್ಕೆ ಈ ಅಡ್ಡಿ ಕಳೆಯಲಿಲ್ಲ.

ಮಾತು ಬಂದು ಬರಹ ಬಾರದ ಮಕ್ಕಳ ಸಮಸ್ಯೆ ಹೊಸದಲ್ಲ. ಹೊರದೇಶಗಳಲ್ಲಿ ಬೆಳೆಯುವ ತಮಿಳು ಮಕ್ಕಳನ್ನು ಗಮನದಲ್ಲಿಟ್ಟು ತಮಿಳುನಾಡು ಸರ್ಕಾರ 2001ರಲ್ಲೇ ಅಂತರ್ಜಾಲ ವಿಶ್ವವಿದ್ಯಾನಿಲಯವನ್ನು ತೆರೆದು, ಅಕ್ಷರಾಭ್ಯಾಸದಿಂದ ಪದವಿಯವರೆಗಿನ ಪಾಠಗಳನ್ನು ರೂಪಿಸಿತು. ಕನ್ನಡದ ಸಂಸ್ಥೆಗಳು ಅನುಕರಿಸಬೇಕಾದದ್ದು ಆ ಪದವಿಯನ್ನಲ್ಲ, ಮೊದಲ ಮೆಟ್ಟಿಲನ್ನು. ಕನ್ನಡವನ್ನೇ ಅರಿಯದವರಿಗೆಂದು ಸಿದ್ಧಪಡಿಸಿದ ‘ನಿಮ್ಮ ಹೆಸರೇನು’ ಬಗೆಯ ಪಾಠಗಳು ಈ ಸೀಮೆಯವರಿಗೆ ನಿಷ್ಪ್ರಯೋಜಕ. ಒಂದಿಷ್ಟು ಅವಮಾನಕರವೂ ಹೌದು. ಇವರಿಗೆ ಬೇಕಾದದ್ದು ತಮಿಳು ಅಕ್ಷರ ಬಲ್ಲ ಕನ್ನಡ ಭಾಷಿಕರಿಗೆಂದೇ ತಯಾರಾದ, ಕೆಲವೇ ವಾರಗಳ ಲಿಪಿಪಾಠ. ಅಂಥದ್ದೊಂದು ಪಾಠ ‘ಅ’ದಿಂದ ತೊಡಗಬೇಕಾಗಿಲ್ಲ. ತಮಿಳು ಲಿಪಿಯಲ್ಲಿ ಕಕಾರ-ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ‘ಕಾಳಿ’ಯೂ ‘ಗಾಳಿ’ಯೂ ಒಂದೇ ರೀತಿ ಕಾಣುತ್ತವೆ, ‘ಪಟ್ಟೆ’ಗೂ ‘ಬಟ್ಟೆ’ಗೂ ಅದೇ ಗತಿ. ಮನೆಯಲ್ಲಿ ಮಾತಾಡುವಾಗ ಎಂದೂ ಬೆರೆಯದ ಈ ಜೋಡಿಗಳನ್ನು ಕನ್ನಡ ಲಿಪಿ ಬೇರೆ ಬೇರೆಯಾಗಿ ತೋರಿಸುತ್ತದೆ. ಮೊದಲ ವಾರದ ಪಾಠಕ್ಕೆ ಅಷ್ಟು ಸಾಮಗ್ರಿ ಸಾಕು.